ಪಾತ್ರ ಏರುತ್ತಿದೆಯೋ, ಇಳಿಯುತ್ತಿದೆಯೋ? ಹಿಮಾಲಯದ ತಪ್ಪಲಿನ ನಗರಗಳು ಮತ್ತು ನದಿಯ ಜಲ್ಲಿ

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕಾಶ್ಮೀರದ ಒಂದು ಸಣ್ಣ ಹೊಳೆಯ ಬಗ್ಗೆ ತೀರ್ಪು ಕೊಟ್ಟಿತು. ಪೀರ್ ಪಂಜಾಲ್ ಬೆಟ್ಟಸಾಲಿನಿಂದ ಇಳಿದು ಬಡಗಾಂ ಜಿಲ್ಲೆಯಲ್ಲಿ ಹರಿಯುವ ಶಾಲಿಗಂಗಾ ಎಂಬ ಈ ಹೊಳೆಯಿಂದ ಶ್ರೀನಗರದ ವರ್ತುಲ ರಸ್ತೆಗಾಗಿ ಕಲ್ಲು, ಜಲ್ಲಿ ತೆಗೆಯಲು ಪರಿಸರ ಅನುಮತಿ ಕೊಡಲಾಗಿತ್ತು. ತೆಗೆದಷ್ಟನ್ನು ಹೊಳೆ ಮತ್ತೆ ತುಂಬಿಕೊಡುತ್ತದೆಯೇ ಎಂಬುದನ್ನು ಅಳೆಯದೆ ಕೊಟ್ಟ ಅನುಮತಿ ನಿಲ್ಲುವುದಿಲ್ಲ ಎಂಬುದು ತೀರ್ಪಿನ ಸಾರ. ಇದಾಗಿ ನಾಲ್ಕು ವಾರ ತುಂಬುವ ಮೊದಲೇ, ಸೆಪ್ಟೆಂಬರ್ 16ರಂದು, ಡೆಹ್ರಾಡೂನ್ ಸುತ್ತಲಿನ ನದಿಗಳು ಉಕ್ಕಿದವು. ಟೋನ್ಸ್ ನದಿಯ ನಡುವೆ ಸಿಕ್ಕಿಬಿದ್ದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನಿಂತು ಸಹಾಯಕ್ಕೆ ಕೂಗುತ್ತಿದ್ದ ಕಾರ್ಮಿಕರು ಕೊಚ್ಚಿಹೋದ ದೃಶ್ಯವನ್ನು ದೇಶವೆಲ್ಲ ನೋಡಿತು. ಇಂಥ ಪ್ರತಿ ಪ್ರವಾಹದ ಬೆನ್ನಿಗೂ ಒಂದು ಒತ್ತಾಯ ಏಳುತ್ತದೆ: ನದಿಯಲ್ಲಿ ಕಲ್ಲುಮಣ್ಣು ತುಂಬಿ ಪಾತ್ರ ಮೇಲೆದ್ದಿದೆ, ಅದನ್ನು ತೆಗೆಸಿದರೆ ಮಾತ್ರ ಊರು ಉಳಿಯುತ್ತದೆ ಎಂಬುದು.

ಹೀಗಾಗಿ ಸುದ್ದಿ ಓದುವವರಿಗೆ ಗೊಂದಲವಾಗುವುದು ಸಹಜ. ನ್ಯಾಯಾಲಯ ತೆಗೆಯಬೇಡಿ ಎನ್ನುತ್ತದೆ, ದಡದ ಜನ ತೆಗೆಯಿರಿ ಎನ್ನುತ್ತಾರೆ. ಒಂದೇ ನದಿಯ ಪಾತ್ರ ಏರುತ್ತಿದೆ ಎಂದೂ ಇಳಿಯುತ್ತಿದೆ ಎಂದೂ ಒಟ್ಟಿಗೇ ಹೇಳಲಾಗುತ್ತದೆ. ಈ ಎರಡು ಮಾತುಗಳೂ ಸುಳ್ಳಲ್ಲ. ಒಂದೇ ನದಿ ಒಂದು ಕಡೆ ಏರುತ್ತಾ ಇನ್ನೊಂದು ಕಡೆ ಇಳಿಯಬಲ್ಲದು, ಮತ್ತು ಆ ಏರಿಳಿತವನ್ನು ಅಳೆಯದೆ ಗಣಿಗಾರಿಕೆ ನಡೆಸುವುದೇ ಇಲ್ಲಿನ ಮೂಲ ತಪ್ಪು.

ಇಲ್ಲಿ ಜಲ್ಲಿ ನದಿಯಿಂದಲೇ ಬರುತ್ತದೆ

ಕರ್ನಾಟಕದವರಿಗೆ ಜಲ್ಲಿ ಎಂದರೆ ಬಂಡೆ ಸಿಡಿಸುವ ಕಲ್ಲುಕೋರೆ ಮತ್ತು ಪಕ್ಕದ ಕ್ರಷರ್. ಹಿಮಾಲಯದ ತಪ್ಪಲಿನಲ್ಲಿ ಹಾಗಲ್ಲ. ಅಲ್ಲಿ ಮರಳು, ಜಲ್ಲಿ, ಗುಂಡುಕಲ್ಲು ಮೂರೂ ನದಿಪಾತ್ರದಿಂದಲೇ ಬರುತ್ತವೆ. ಕಡತಗಳಲ್ಲಿ ಇವನ್ನು ಒಟ್ಟಾಗಿ 'ಆರ್‌ಬಿಎಂ', ಅಂದರೆ ನದಿತಳದ ಸಾಮಗ್ರಿ ಎಂದು ಕರೆಯುತ್ತಾರೆ. ಉತ್ತರಾಖಂಡದ ಪರವಾನಗಿಗಳಲ್ಲಿ 'ಚುಗಾನ್' ಎಂಬ ಇನ್ನೊಂದು ಮಾತೂ ಬರುತ್ತದೆ. ಅದರ ಅರ್ಥ ಆಯ್ದುಕೊಳ್ಳುವುದು. ಸಲಿಕೆ, ಬುಟ್ಟಿ ಹಿಡಿದ ಕೂಲಿಯವರು ಮೇಲ್ಪದರದ ಕಲ್ಲನ್ನು ಆಯ್ದು ಗಾಡಿಗೆ ತುಂಬುತ್ತಿದ್ದ ಕಾಲದ ಮಾತು ಅದು. ಪದ ಹಾಗೆಯೇ ಉಳಿದಿದೆ, ಆದರೆ ಎಷ್ಟೋ ಕಡೆ ಪಾತ್ರಕ್ಕೆ ಇಳಿಯುವುದು ಜೆಸಿಬಿ ಮತ್ತು ಪೊಕ್ಲೇನ್.

ಹಿಮಾಲಯ ಇನ್ನೂ ಏಳುತ್ತಿರುವ, ಸಡಿಲ ಬಂಡೆಗಳ ಪರ್ವತ. ಮಳೆಗಾಲದಲ್ಲಿ ಕುಸಿದ ಬೆಟ್ಟದ ಕಲ್ಲುಗಳನ್ನು ಕಡಿದಾದ ಇಳಿಜಾರಿನಲ್ಲಿ ಓಡುವ ನದಿ ಉರುಳಿಸಿಕೊಂಡು ಬರುತ್ತದೆ. ಬೆಟ್ಟ ಮುಗಿದು ಬಯಲು ಶುರುವಾಗುವಲ್ಲಿ ಇಳಿಜಾರು ಒಮ್ಮೆಲೇ ತಗ್ಗುತ್ತದೆ, ನೀರಿನ ಶಕ್ತಿ ಕುಗ್ಗುತ್ತದೆ, ಹೊರೆ ಅಲ್ಲಿಯೇ ಕೆಳಗಿಳಿಯುತ್ತದೆ. ಲಕ್ಷಾಂತರ ವರ್ಷ ಹೀಗೆ ಇಳಿಸಿದ ಕಲ್ಲುಗಳಿಂದಲೇ ಭಾಬರ್ ಎಂಬ ಜಲ್ಲಿಪಟ್ಟಿ ನಿರ್ಮಾಣವಾಗಿದೆ. ಡೆಹ್ರಾಡೂನ್, ಋಷಿಕೇಶ, ಹರಿದ್ವಾರ, ಕೋಟದ್ವಾರ, ಹಲ್ದ್ವಾನಿ, ಪಠಾಣ್‌ಕೋಟ್ ಎಲ್ಲವೂ ಬೆಟ್ಟ ಬಯಲನ್ನು ಮುಟ್ಟುವ ಈ ಅಂಚಿನಲ್ಲೇ ಬೆಳೆದ ಊರುಗಳು. ನದಿ ತನ್ನ ಹೊರೆಯನ್ನು ಇಳಿಸುವ ಜಾಗ, ನಗರ ಬೆಳೆಯುವ ಜಾಗ, ಕಟ್ಟಡಕ್ಕೆ ಜಲ್ಲಿ ಬೇಕಾಗುವ ಜಾಗ ಇಲ್ಲಿ ಒಂದೇ. ಸಾಗಾಟದ ಖರ್ಚು ಕಡಿಮೆ, ಬಂಡೆ ಸಿಡಿಸುವ ಖರ್ಚಂತೂ ಇಲ್ಲವೇ ಇಲ್ಲ. ಗಣಿಗಾರಿಕೆ ನಗರದ ಹತ್ತಿರವೇ, ಅದರಲ್ಲೂ ಸೇತುವೆ ಮತ್ತು ರಸ್ತೆ ಇರುವಲ್ಲೇ ಒತ್ತೊತ್ತಾಗಿ ನಡೆಯುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನೀರು ಮತ್ತು ಕಲ್ಲಿನ ತೂಗು

ನದಿಯನ್ನು ನಾವು ನೀರಿನ ಹರಿವು ಎಂದಷ್ಟೇ ಭಾವಿಸುತ್ತೇವೆ. ಬೆಟ್ಟದ ನದಿಯ ಮಟ್ಟಿಗೆ ಅದು ಅರ್ಧ ಸತ್ಯ. ಅದು ನೀರಿನ ಹರಿವೂ ಹೌದು, ಕಲ್ಲಿನ ಹರಿವೂ ಹೌದು. ಕಲ್ಲು ವರ್ಷವೆಲ್ಲ ಕದಲದೆ ಕುಳಿತಿದ್ದು ಮಳೆಗಾಲದ ಕೆಲವೇ ದಿನಗಳಲ್ಲಿ ಚಲಿಸುತ್ತದೆ, ಆದ್ದರಿಂದ ನಮ್ಮ ಕಣ್ಣಿಗೆ ಅದು ದಾಸ್ತಾನಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಪ್ರಯಾಣದ ನಡುವೆ ತಂಗಿರುವ ಸರಕು.

ನದಿಯ ಇಳಿಜಾರು, ನೀರಿನ ಪ್ರಮಾಣ, ಕಲ್ಲಿನ ಪ್ರಮಾಣ, ಕಲ್ಲಿನ ಗಾತ್ರ ಈ ನಾಲ್ಕೂ ಒಂದು ತೂಗಿನಲ್ಲಿರುತ್ತವೆ. ನೀರಿಗೆ ಹೊರುವ ಶಕ್ತಿ ಎಷ್ಟಿದೆಯೋ ಅಷ್ಟು ಕಲ್ಲು ಮೇಲಿನಿಂದ ಬರುತ್ತಿದ್ದರೆ ಪಾತ್ರದ ಮಟ್ಟ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕಲ್ಲು ಹೆಚ್ಚಾದರೆ ಪಾತ್ರ ಏರುತ್ತದೆ. ಕಲ್ಲು ಕಡಿಮೆಯಾದರೆ ನೀರಿನಲ್ಲಿ ಶಕ್ತಿ ಮಿಗುತ್ತದೆ, ಆ ಶಕ್ತಿ ತಳವನ್ನೂ ದಡವನ್ನೂ ಕೊರೆಯಲು ಖರ್ಚಾಗುತ್ತದೆ. ನದಿ ವಿಜ್ಞಾನಿಗಳು ಅಂಥ ನೀರನ್ನು 'ಹಸಿದ ನೀರು' ಎಂದೇ ಕರೆಯುತ್ತಾರೆ.

ಪಾತ್ರದ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕಲ್ಲುಗಳು ಮನಸ್ಸಿಗೆ ಬಂದಂತೆ ಚೆಲ್ಲಿಕೊಂಡಿರುವುದಿಲ್ಲ. ಅಂಗೈಯಗಲದ, ತಲೆಗಾತ್ರದ ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು ಒರಗಿ, ಹರಿವಿನ ದಿಕ್ಕಿಗೆ ವಾಲಿಕೊಂಡಿರುತ್ತವೆ. ಒಂದು ಕಲ್ಲನ್ನು ಎತ್ತಿದರೆ ಅಡಿಯಲ್ಲಿ ಕಾಣುವುದು ಸಣ್ಣ ಜಲ್ಲಿ ಮತ್ತು ಮರಳು. ಈ ಮೇಲ್ಪದರವೇ ನದಿತಳದ ಕವಚ. ಸಾಧಾರಣ ನೆರೆಯಲ್ಲಿ ಕವಚ ಕದಲುವುದಿಲ್ಲ, ಅಡಿಯ ಮರಳು ಸುರಕ್ಷಿತವಾಗಿರುತ್ತದೆ. ಯಂತ್ರ ಮೊದಲು ಕಿತ್ತೆಸೆಯುವುದು ಇದನ್ನೇ. ಕವಚ ಹೋದ ಮೇಲೆ ದೊಡ್ಡ ಪ್ರವಾಹವೇ ಬೇಕೆಂದಿಲ್ಲ, ವರ್ಷವರ್ಷದ ನೆರೆಯೇ ತಳವನ್ನು ಎಬ್ಬಿಸಿ ಒಯ್ಯುತ್ತದೆ.

ಒಂದು ಗುಂಡಿ ಎರಡೂ ದಿಕ್ಕಿಗೆ ಬೆಳೆಯುತ್ತದೆ

ಪಾತ್ರದ ನಡುವೆ ಮೂರು ಮೀಟರ್ ಆಳದ ಗುಂಡಿ ತೋಡಲಾಗಿದೆ ಎಂದುಕೊಳ್ಳೋಣ. ಮಳೆಗಾಲದಲ್ಲಿ ಅದು ತುಂಬಿ ಹೋಗುತ್ತದೆ, ಚಿಂತೆಯೇನು ಎಂಬುದು ಸಾಮಾನ್ಯ ಉತ್ತರ. ಗುಂಡಿ ತುಂಬುವುದು ನಿಜ. ಯಾವುದರಿಂದ ತುಂಬುತ್ತದೆ ಎಂಬುದೇ ಪ್ರಶ್ನೆ.

ಗುಂಡಿಯ ಮೇಲ್ದಿಕ್ಕಿನ ಅಂಚು ಒಂದು ಸಣ್ಣ ಜಲಪಾತದಂತೆ ವರ್ತಿಸುತ್ತದೆ. ಅಲ್ಲಿ ನೀರು ಧುಮುಕುವುದರಿಂದ ವೇಗ ಹೆಚ್ಚಿ ಅಂಚು ಕುಸಿಯುತ್ತದೆ, ಕುಸಿದ ಕಲ್ಲು ಗುಂಡಿಗೆ ಬೀಳುತ್ತದೆ, ಹೊಸ ಅಂಚು ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಅದೂ ಕುಸಿಯುತ್ತದೆ. ಹೀಗೆ ಕೊರೆತ ಹರಿವಿಗೆ ಎದುರಾಗಿ, ಗುಂಡಿ ತೋಡದ ಜಾಗಕ್ಕೆ, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ ದೂರಕ್ಕೆ ಏರುತ್ತದೆ. ಇತ್ತ ಮೇಲಿನಿಂದ ಬರುವ ಜಲ್ಲಿ ಗುಂಡಿಯಲ್ಲೇ ನಿಂತುಬಿಡುವುದರಿಂದ ಕೆಳಗಿನ ಪಾತ್ರಕ್ಕೆ ಹೋಗುವುದು ಹಸಿದ ನೀರು. ಅದು ಅಲ್ಲಿಯೂ ತಳವನ್ನು ತಿನ್ನುತ್ತದೆ. ಅಕ್ಟೋಬರ್‌ನಲ್ಲಿ ನೋಡುವವರಿಗೆ ಗುಂಡಿ ಮುಚ್ಚಿದೆ, ನದಿ ತುಂಬಿಕೊಟ್ಟಿದೆ ಎನಿಸುತ್ತದೆ. ಅದು ಮೇಲಿನ ಮತ್ತು ಕೆಳಗಿನ ಪಾತ್ರದಿಂದ ತಂದ ಸಾಲ.

ಕೇಂದ್ರ ಪರಿಸರ ಸಚಿವಾಲಯದ ಮರಳು ಗಣಿಗಾರಿಕೆ ಮಾರ್ಗಸೂಚಿಯಲ್ಲಿರುವ ಒಂದು ಅಂತರದ ನಿಯಮ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ದೊಡ್ಡ ಸೇತುವೆಗಳಿಂದ ಎರಡೂ ಕಡೆ ಒಂದು ಕಿಲೋಮೀಟರ್, ಇಲ್ಲವಾದರೆ ಸೇತುವೆಯ ಹರವಿನ 5 ಪಟ್ಟು ದೂರ ಮೇಲ್ದಿಕ್ಕಿನಲ್ಲಿ ಮತ್ತು 10 ಪಟ್ಟು ದೂರ ಕೆಳದಿಕ್ಕಿನಲ್ಲಿ ಗಣಿಗಾರಿಕೆ ಕೂಡದು. ಮೇಲೆ ಕನಿಷ್ಠ 250 ಮೀಟರ್, ಕೆಳಗೆ ಕನಿಷ್ಠ 500 ಮೀಟರ್ ಬಿಡಲೇಬೇಕು ಎನ್ನುತ್ತದೆ ಆ ನಿಯಮ. ಸೇತುವೆಯನ್ನು ದಾಟಿ ಕೆಳಗೆ ಹೋದ ಮೇಲೆ ತೋಡಿದರೆ ಸೇತುವೆಗೇನು ಅಪಾಯ ಎಂದು ಸಾಮಾನ್ಯ ಬುದ್ಧಿಗೆ ತೋರಬಹುದು. ಆದರೆ ಕೊರೆತ ಹಿಮ್ಮುಖವಾಗಿ ಏರುವುದರಿಂದ ಕೆಳಗಿನ ಗುಂಡಿಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು, ಎರಡು ಪಟ್ಟು ಅಂತರವೂ ಬೇಕು.

ಪ್ರಮಾಣದ ಅಂದಾಜು ಸಿಗಲು ಒಂದು ಕಾಲ್ಪನಿಕ ಲೆಕ್ಕ ಮಾಡಬಹುದು. 100 ಮೀಟರ್ ಅಗಲದ ನದಿಯ ಒಂದು ಕಿಲೋಮೀಟರ್ ಉದ್ದಕ್ಕೆ ವರ್ಷಕ್ಕೆ 10,000 ಘನ ಮೀಟರ್ ಜಲ್ಲಿ ಬಂದು ಸೇರುತ್ತದೆ, 15,000 ತೆಗೆಯಲಾಗುತ್ತದೆ ಎಂದಿಟ್ಟುಕೊಳ್ಳೋಣ. ಕೊರತೆಯ 5,000 ಘನ ಮೀಟರನ್ನು ಇಡೀ ಪಾತ್ರಕ್ಕೆ ಹರಡಿದರೆ ವರ್ಷಕ್ಕೆ 5 ಸೆಂಟಿಮೀಟರ್ ಇಳಿತ. ಯಾರ ಕಣ್ಣಿಗೂ ಬೀಳದಷ್ಟು ಸಣ್ಣದು. ಇಪ್ಪತ್ತು ವರ್ಷಕ್ಕೆ ಅದು ಒಂದು ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗಳಲ್ಲಿ ಎಣಿಸಿದರೆ, ಎಂಟು ತಿಂಗಳ ಗಣಿ ಋತುವಿನಲ್ಲಿ ದಿನಕ್ಕೆ ಸುಮಾರು ಎರಡು ಲೋಡು ಹೆಚ್ಚಿಗೆ ಹೋದರೆ ಸಾಕು. ರಾತ್ರಿ ಹೊತ್ತು ಸಾಲುಗಟ್ಟಿ ಹೋಗುವ ಲಾರಿಗಳ ಬಗ್ಗೆ ಹರಿದ್ವಾರದ ಸಂಸದ, ಮಾಜಿ ಮುಖ್ಯಮಂತ್ರಿ ತ್ರಿವೇಂದ್ರ ಸಿಂಗ್ ರಾವತ್ ಅವರೇ 2025ರ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ದೂರಿದ್ದರು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಹೆಣೆದ ಜಡೆ ಬಿಚ್ಚಿಕೊಂಡಾಗ

ತಪ್ಪಲಿನ ನದಿ ಸಹಜವಾಗಿ ಅಗಲವಾದದ್ದು, ಆಳವಿಲ್ಲದ್ದು. ಹಲವು ಎಳೆಗಳಾಗಿ ಒಡೆದು, ಕಲ್ಲುದಿಬ್ಬಗಳನ್ನು ಬಳಸಿ, ಮತ್ತೆ ಕೂಡಿಕೊಂಡು ಹೆಣೆದ ಜಡೆಯಂತೆ ಹರಿಯುತ್ತದೆ. ಪ್ರವಾಹ ಬಂದಾಗ ನೀರು ಈ ಅಗಲದಲ್ಲಿ ಹರಡಿಕೊಂಡು ವೇಗ ಕಳೆದುಕೊಳ್ಳುತ್ತದೆ. ಒಂದು ಎಳೆಯಲ್ಲಿ ಆಳವಾಗಿ ತೋಡಿದರೆ ನೀರೆಲ್ಲ ಆ ಎಳೆಗೆ ನುಗ್ಗುತ್ತದೆ, ಉಳಿದ ಎಳೆಗಳು ಒಣಗುತ್ತವೆ, ನದಿ ಕಿರಿದಾದ ಕಡಿದಾದ ಕಾಲುವೆಯಾಗುತ್ತದೆ. ಒಣಗಿದ ಅಂಚುಗಳಲ್ಲಿ ಪೊದೆ ಬೆಳೆಯುತ್ತದೆ, ಆಮೇಲೆ ಗುಡಿಸಲು, ಆಮೇಲೆ ಬಡಾವಣೆ. ನದಿ ಬಿಟ್ಟುಕೊಟ್ಟ ಜಾಗ ಎಂದು ಕಟ್ಟಿದ್ದು ನದಿಯ ಜಾಗವೇ ಆಗಿರುತ್ತದೆ.

ಇಟಲಿಯಲ್ಲಿ ಆಲ್ಪ್ಸ್‌ನಿಂದ ಇಳಿಯುವ ಬ್ರೆಂಟಾ, ಪಿಯಾವೆ ನದಿಗಳಲ್ಲಿ ಇದೇ ನಡೆಯಿತು. ಎರಡನೇ ಮಹಾಯುದ್ಧದ ನಂತರದ ಕಟ್ಟಡ ಭರಾಟೆಯಲ್ಲಿ ಜಲ್ಲಿ ತೆಗೆದ ದಶಕಗಳಲ್ಲಿ ಪಾತ್ರಗಳು ಮೀಟರುಗಟ್ಟಲೆ ಇಳಿದು, ಅಗಲ ಬಹಳವಾಗಿ ಕುಗ್ಗಿತು. ಗಣಿಗಾರಿಕೆಗೆ ಕಡಿವಾಣ ಬಿದ್ದ ಮೇಲೆ ಕೆಲವು ಭಾಗಗಳು ಒಂದಿಷ್ಟು ಚೇತರಿಸಿಕೊಂಡಿವೆ. ಮೇಲಿನಿಂದ ಜಲ್ಲಿ ಬರುವ ದಾರಿ ತೆರೆದಿರುವಲ್ಲಿ ಮಾತ್ರ ಆ ಚೇತರಿಕೆ ಸಾಧ್ಯ.

ಪಾತ್ರ ಇಳಿದರೆ ಅದರೊಂದಿಗೆ ನೆಲದಡಿಯ ನೀರೂ ಇಳಿಯುತ್ತದೆ. ಜಲ್ಲಿಪದರದ ನೆಲದಲ್ಲಿ ಬಾವಿಯ ನೀರು ಮತ್ತು ನದಿಯ ನೀರು ಒಂದೇ ಮಟ್ಟಕ್ಕೆ ಅಂಟಿಕೊಂಡಿರುತ್ತವೆ. ಹಿಮಾಚಲದ ಕಾಂಗ್ರಾದಲ್ಲಿ ಕೂಹ್ಲ್ ಎನ್ನುವ ಹಳೆಯ ಕಾಲುವೆಗಳಿವೆ. ಹೊಳೆಯಲ್ಲಿ ಕಲ್ಲು ಪೇರಿಸಿ ನೀರನ್ನು ಪಕ್ಕಕ್ಕೆ ತಿರುಗಿಸಿ ಗದ್ದೆಗೆ ಒಯ್ಯುವ ಸರಳ ಏರ್ಪಾಡು ಅದು. ಹೊಳೆಯ ಮಟ್ಟ ಆಳುದ್ದ ಇಳಿದರೆ ಕೂಹ್ಲ್‌ನ ಬಾಯಿ ಗಾಳಿಯಲ್ಲಿ ನಿಲ್ಲುತ್ತದೆ. ರೈತ ಗಣಿಗುತ್ತಿಗೆಯ ಹತ್ತಿರ ಸುಳಿಯದಿದ್ದರೂ ಗದ್ದೆ ಒಣಗುತ್ತದೆ, ಮತ್ತು ಈ ನಷ್ಟ ಯಾವ ಪರಿಹಾರದ ಪಟ್ಟಿಗೂ ಸೇರುವುದಿಲ್ಲ.

ಸೇತುವೆಗಳು ಹೇಳುವುದು

2021ರ ಆಗಸ್ಟ್ 27ರಂದು ಡೆಹ್ರಾಡೂನ್–ಋಷಿಕೇಶ ಹೆದ್ದಾರಿಯಲ್ಲಿ ರಾಣಿಪೋಖರಿಯ ಬಳಿ ಜಾಖನ್ ನದಿಯ ಸೇತುವೆ ವಾಹನಗಳ ಸಮೇತ ಕುಸಿಯಿತು. ಅದೇ ಅಕ್ಟೋಬರ್‌ನಲ್ಲಿ ಹಲ್ದ್ವಾನಿಯ ಗೌಲಾ ಸೇತುವೆಗೆ ಸೇರುವ ರಸ್ತೆ ಕೊಚ್ಚಿಹೋಯಿತು. 2022ರ ಆಗಸ್ಟ್ 20ರಂದು ಪಂಜಾಬ್ ಮತ್ತು ಹಿಮಾಚಲದ ಗಡಿಯಲ್ಲಿ ಚಕ್ಕಿ ನದಿಯ ಮೇಲಿನ ಬ್ರಿಟಿಷರ ಕಾಲದ ರೈಲು ಸೇತುವೆ ಉರುಳಿ, ಕಾಂಗ್ರಾ ಕಣಿವೆಯ ನ್ಯಾರೋಗೇಜ್ ರೈಲುಮಾರ್ಗದ ಕೊಂಡಿ ಪಠಾಣ್‌ಕೋಟ್‌ನಿಂದ ಕಳಚಿತು.

ಈ ಮೂರರಲ್ಲೂ ತಕ್ಷಣದ ಕಾರಣ ಭಾರೀ ಮಳೆ. ಮಳೆಯನ್ನು ಬಿಟ್ಟು ಗಣಿಗಾರಿಕೆಯೊಂದನ್ನೇ ದೂರುವುದು ಸರಿಯಲ್ಲ. ಆದರೆ ಮೂರೂ ಕಡೆ ಸ್ಥಳೀಯರು ಗಣಿಗಾರಿಕೆಯತ್ತ ಬೆರಳು ತೋರಿಸಿದ್ದಕ್ಕೆ ಆಧಾರವಿದೆ. ಸೇತುವೆಯ ಕಂಬ ತಳದ ಮೇಲೆ ನಿಂತಿರುವುದಿಲ್ಲ, ತಳದ ಒಳಗೆ ಹುಗಿದುಕೊಂಡಿರುತ್ತದೆ. ಸುತ್ತಲಿನ ಜಲ್ಲಿಯ ಬಿಗಿತವೇ ಅದಕ್ಕೆ ಆಸರೆ. ಇಂಥ ನದಿಗಳ ಹಳೆಯ ಸೇತುವೆಗಳ ಬುಡದಲ್ಲಿ ನೋಡಿದರೆ ಕಂಬದ ಮೇಲೆ ಬಣ್ಣದ ಗೆರೆಯೊಂದು ಕಾಣಿಸುತ್ತದೆ. ಗೆರೆಯ ಮೇಲೆ ಬಿಸಿಲು ಮಳೆಗೆ ಕಪ್ಪಾದ ಕಟ್ಟಡ, ಕೆಳಗೆ ಬೆಳಕನ್ನೇ ಕಾಣದೆ ತಿಳಿಯಾಗಿ ಉಳಿದಿದ್ದ ಕಾಂಕ್ರೀಟ್. ಒಂದು ಕಾಲದ ನದಿತಳ ಆ ಗೆರೆಯಲ್ಲಿತ್ತು. ಎಂಜಿನಿಯರ್ ಲೆಕ್ಕ ಹಾಕಿದ ಹೂಳುವ ಆಳ ಹೀಗೆ ಕರಗಿದ ಮೇಲೆ, ನೂರು ವರ್ಷಕ್ಕೊಮ್ಮೆಯ ಪ್ರವಾಹಕ್ಕೆ ಜಗ್ಗದಂತೆ ಕಟ್ಟಿದ ಸೇತುವೆ ಹತ್ತು ವರ್ಷಕ್ಕೊಮ್ಮೆಯ ಪ್ರವಾಹಕ್ಕೂ ಬೀಳಬಹುದು.

ಪೋರ್ಚುಗಲ್‌ನಲ್ಲಿ 2001ರ ಮಾರ್ಚ್ 4ರ ರಾತ್ರಿ ಡೌರೊ ನದಿಯ ಸೇತುವೆ ಕುಸಿದು 59 ಜನ ಸತ್ತರು. ವರ್ಷಗಟ್ಟಲೆ ಮರಳು ತೆಗೆದದ್ದರಿಂದ ಕಂಬದ ಬುಡ ಬರಿದಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಸಚಿವರೊಬ್ಬರು ಹೊಣೆ ಹೊತ್ತು ರಾಜೀನಾಮೆ ಕೊಟ್ಟರು.

ತೆಗೆಯಲೇಬೇಕು ಎನ್ನುವವರ ವಾದ

ಗಣಿಗಾರಿಕೆಯ ಪರ ಇರುವವರೆಲ್ಲ ಲೂಟಿಕೋರರು ಎಂದು ತಳ್ಳಿಹಾಕುವುದು ಅನ್ಯಾಯ. ಅವರ ವಾದದಲ್ಲಿ ಮೂರು ಎಳೆಗಳಿವೆ. ಬೆಟ್ಟ ಕುಸಿದ ವರ್ಷಗಳಲ್ಲಿ ಕೆಲವು ಕಡೆ ಪಾತ್ರ ನಿಜವಾಗಿಯೂ ಏರುತ್ತದೆ, ನದಿ ದಡ ಮೀರಿ ಊರಿಗೆ ನುಗ್ಗುತ್ತದೆ. ಗೌಲಾದಂಥ ನದಿಯಲ್ಲಿ ಸಾವಿರಾರು ಕೂಲಿಯವರು, ಗಾಡಿ ಮಾಲೀಕರು ಚಳಿಗಾಲದಿಂದ ಬೇಸಿಗೆಯವರೆಗಿನ ದುಡಿಮೆಗೆ ಇದನ್ನೇ ನಂಬಿದ್ದಾರೆ. ಮನೆ, ಶಾಲೆ, ರಸ್ತೆಗೆ ಜಲ್ಲಿ ಬೇಕೇಬೇಕು, ನದಿಯದನ್ನು ನಿಲ್ಲಿಸಿದರೆ ಬೆಟ್ಟವನ್ನೇ ಒಡೆಯಬೇಕಾಗುತ್ತದೆ. ಡೂನ್ ಕಣಿವೆಯ ಮಟ್ಟಿಗೆ ಈ ಮಾತಿಗೆ ಇತಿಹಾಸದ ತೂಕವೂ ಇದೆ. ಮಸ್ಸೂರಿ ಬೆಟ್ಟಗಳ ಸುಣ್ಣಕಲ್ಲು ಗಣಿಗಳನ್ನು ಮುಚ್ಚಿಸಲು 1985ರಲ್ಲಿ ಸುಪ್ರೀಂ ಕೋರ್ಟೇ ಮುಂದಾಗಬೇಕಾಯಿತು.

ಈ ವಾದದ ದುರ್ಬಲ ಕೊಂಡಿ ಇರುವುದು ಜಾಗದ ಆಯ್ಕೆಯಲ್ಲಿ. ಪಾತ್ರ ಏರುವುದು ಸಾಮಾನ್ಯವಾಗಿ ಕುಸಿತದ ಕೆಳಗೆ, ಉಪನದಿ ಬಂದು ಸೇರುವಲ್ಲಿ, ಇಳಿಜಾರು ತಗ್ಗುವಲ್ಲಿ. ಗಣಿಗಾರಿಕೆ ನಡೆಯುವುದು ಟಿಪ್ಪರ್ ಇಳಿಯಲು ದಾರಿ ಇರುವಲ್ಲಿ, ಒಳ್ಳೆಯ ಗಾತ್ರದ ಕಲ್ಲು ಸಿಗುವಲ್ಲಿ, ಕ್ರಷರ್‌ಗೆ ಹತ್ತಿರವಾಗುವಲ್ಲಿ. ಈ ಎರಡು ಜಾಗಗಳು ಒಂದೇ ಆಗಿರುವುದು ಅಪರೂಪ. ಪ್ರವಾಹ ತಡೆಗೆ ತೆಗೆಯುವುದಾದರೆ ಎಲ್ಲಿ, ಎಷ್ಟು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಪ್ರವಾಹದ ಲೆಕ್ಕ ಹೇಳಬೇಕು. ಮಾರುಕಟ್ಟೆ ಹೇಳತೊಡಗಿದರೆ ಹೂಳೆತ್ತುವಿಕೆ ಎಂಬ ಹೆಸರಿನಲ್ಲಿ ನಡೆಯುವುದೂ ಗಣಿಗಾರಿಕೆಯೇ. ಅದಲ್ಲದೆ, ಊರಿನ ಬಳಿ ಆಳ ಮಾಡಿದ ನದಿ ನೀರನ್ನು ಬೇಗ ಸಾಗಿಸುತ್ತದೆ ನಿಜ, ಆದರೆ ಆ ವೇಗ ಕೆಳಗಿನ ಊರಿಗೆ ತಲುಪುತ್ತದೆ.

ಮೇಲೊಂದು ಅಣೆಕಟ್ಟು ಇದ್ದರೆ

ಹರಿದ್ವಾರದ ಗಂಗೆಯಲ್ಲಿ ಪ್ರಶ್ನೆ ಇನ್ನೂ ಜಟಿಲ. ಭಾಗೀರಥಿಯ ಮೇಲೆ 260 ಮೀಟರ್ ಎತ್ತರದ ತೆಹ್ರಿ ಅಣೆಕಟ್ಟು 2006ರಿಂದ ಕೆಲಸ ಮಾಡುತ್ತಿದೆ. ಅಂಥ ಜಲಾಶಯವನ್ನು ದಾಟಿ ಗುಂಡುಕಲ್ಲು ಬರುವುದಿಲ್ಲ. ಅಂದರೆ ಅಣೆಕಟ್ಟಿಗೆ ಮೊದಲಿನ ಕಾಲದ ಅನುಭವದಿಂದ 'ಗಂಗೆ ಪ್ರತಿವರ್ಷ ತರುತ್ತಾಳೆ' ಎನ್ನುವುದು ಈಗ ಸಲ್ಲದ ಲೆಕ್ಕ. ಹರಿದ್ವಾರದ ಮಾತೃಸದನ ಆಶ್ರಮ ದಶಕಗಳಿಂದ ಗಣಿಗಾರಿಕೆಯ ವಿರುದ್ಧ ಹೋರಾಡುತ್ತಿದೆ. ಅಲ್ಲಿನ ಸ್ವಾಮಿ ನಿಗಮಾನಂದರು ಉಪವಾಸ ಕೈಗೊಂಡು 2011ರ ಜೂನ್ 13ರಂದು ಪ್ರಾಣ ಬಿಟ್ಟರು. ಐಐಟಿ ಪ್ರಾಧ್ಯಾಪಕರಾಗಿದ್ದು ಸನ್ಯಾಸ ಸ್ವೀಕರಿಸಿದ ಜಿ.ಡಿ. ಅಗರವಾಲ್ ಗಂಗೆಗಾಗಿ ನಡೆಸಿದ ಉಪವಾಸದ ಕೊನೆಗೆ 2018ರ ಅಕ್ಟೋಬರ್ 11ರಂದು ತೀರಿಕೊಂಡರು. ಇದೇ ಆಶ್ರಮದ ಅರ್ಜಿಯ ಮೇಲೆ 2025ರ ಜುಲೈನಲ್ಲಿ ಉತ್ತರಾಖಂಡ ಹೈಕೋರ್ಟ್ ಹರಿದ್ವಾರ ಜಿಲ್ಲೆಯ 48 ಕ್ರಷರ್‌ಗಳನ್ನು ಮುಚ್ಚುವಂತೆ ಆದೇಶಿಸಿತು. ಎರಡು ಜೀವಗಳು ಹೋದ ನಂತರವೂ ನದಿ ಎಷ್ಟು ಕಲ್ಲು ತರುತ್ತದೆ ಎಂಬ ಮೊದಲ ಪ್ರಶ್ನೆಯೇ ವಿವಾದದಲ್ಲಿರುವುದು ನೋವಿನ ಸಂಗತಿ.

ಕಾನೂನು ನಡೆದು ಬಂದ ದಾರಿ

ಹರಿಯಾಣದ ಪಂಚಕುಲಾ, ಅಂಬಾಲಾ, ಯಮುನಾನಗರದ ನದಿಪಾತ್ರಗಳ ಹರಾಜನ್ನು ಪ್ರಶ್ನಿಸಿದ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿ 27ರಂದು ಒಂದು ಕಳ್ಳದಾರಿಯನ್ನು ಮುಚ್ಚಿತು. ಆಗ 5 ಹೆಕ್ಟೇರ್‌ಗಿಂತ ಸಣ್ಣ ಗುತ್ತಿಗೆಗೆ ಪರಿಸರ ಅನುಮತಿ ಬೇಕಿರಲಿಲ್ಲ, ಆದ್ದರಿಂದ ಒಂದೇ ಪಾತ್ರವನ್ನು ತುಂಡು ಮಾಡಿ ಹಂಚಲಾಗುತ್ತಿತ್ತು. ತುಂಡು ಸಣ್ಣದಾದರೂ ನದಿಗೆ ಬೀಳುವ ಹೊರೆ ಒಟ್ಟಾರೆಯದು. 2016ರಲ್ಲಿ, ಜಿಲ್ಲೆಯ ಯಾವ ಜಾಗದಲ್ಲಿ ಎಷ್ಟು ತೆಗೆಯಬಹುದು ಎಂದು ದಾಖಲಿಸುವ ಜಿಲ್ಲಾ ಸಮೀಕ್ಷಾ ವರದಿ ಎಂಬ ವ್ಯವಸ್ಥೆ ಬಂತು, 2020ರಲ್ಲಿ ನಿಗಾ ಮಾರ್ಗಸೂಚಿಗಳು ಬಂದವು. ವರದಿಗಳು ಬಂದರೂ ಮರುಭರ್ತಿಯ ಅಧ್ಯಯನ, ಅಂದರೆ ತೆಗೆದಷ್ಟನ್ನು ನದಿ ಮತ್ತೆ ತುಂಬಿಕೊಡುತ್ತದೆಯೇ ಎಂಬ ಅಳತೆ, ಬಾರದೆ ಉಳಿಯಿತು. ಶಾಲಿಗಂಗಾದಲ್ಲಿ ಆದದ್ದೂ ಅದೇ. ಅಧ್ಯಯನ ಇಲ್ಲದ ಕೊರತೆಯನ್ನು ಅಗೆತದ ಆಳಕ್ಕೆ ಮಿತಿ ಹಾಕಿ ಸರಿದೂಗಿಸಲು ನೋಡಲಾಯಿತು, ಹಸಿರು ನ್ಯಾಯಮಂಡಳಿ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಕಾಡು ಎಷ್ಟು ಬೇಗ ಬೆಳೆಯುತ್ತದೆಂದು ತಿಳಿಯದೆ ಮರ ಕಡಿಯಲು ಹೇಗೆ ಬಿಡುವುದಿಲ್ಲವೋ ಹಾಗೆಯೇ ಇದು ಎಂಬ ಹೋಲಿಕೆಯನ್ನು ತೀರ್ಪು ಕೊಟ್ಟಿದೆ.

ಈ ತೀರ್ಪು ಹಿಮಾಲಯಕ್ಕೆ ಸೀಮಿತವಲ್ಲ. ಪಶ್ಚಿಮ ಘಟ್ಟದಿಂದ ಇಳಿದು ಮಂಗಳೂರಿನ ಎರಡು ಬದಿಗೆ ಹರಿಯುವ ನೇತ್ರಾವತಿ, ಫಲ್ಗುಣಿ ನದಿಗಳಲ್ಲಿ ತೆಗೆಯುವುದು ಗುಂಡುಕಲ್ಲಲ್ಲ, ಹೊಯಿಗೆ, ಅಂದರೆ ಮರಳು. ಆದರೂ ತೂಗಿನ ನಿಯಮ ಅಲ್ಲಿಯೂ ಅದೇ. 2018ರ ಜೂನ್‌ನಲ್ಲಿ ಫಲ್ಗುಣಿಯ ಮೇಲಿನ ಮೂಲರಪಟ್ಣ ಸೇತುವೆ ಕುಸಿದಾಗ ಸುತ್ತಲಿನ ಜನ ದೂರಿದ್ದು ಮರಳುಗಾರಿಕೆಯನ್ನೇ.

ಅಳತೆಗೆ ಬೇಕಾದದ್ದು

ತೀರ್ಪಿನ ನೇರ ಪರಿಣಾಮವೆಂದರೆ ಮರುಭರ್ತಿಯ ಅಂಕಿಗಳಿಲ್ಲದ ಜಿಲ್ಲಾ ವರದಿಗಳ ಮೇಲೆ ಕೊಟ್ಟ ಅನುಮತಿಗಳು ನ್ಯಾಯಾಲಯದಲ್ಲಿ ಅಲುಗಾಡುತ್ತವೆ. ಕೆಲವು ಕಾಲ ಜಲ್ಲಿ ದುಬಾರಿಯಾಗಬಹುದು, ರಸ್ತೆ ಕಾಮಗಾರಿಗಳು ತಡವಾಗಬಹುದು, ಕೂಲಿಯವರಿಗೆ ಒಂದು ಋತುವಿನ ದುಡಿಮೆ ತಪ್ಪಬಹುದು. ಆ ಕೊನೆಯ ನಷ್ಟಕ್ಕೆ ಸರ್ಕಾರಗಳು ಈಗಲೇ ದಾರಿ ಹುಡುಕದಿದ್ದರೆ ಅಳತೆಯ ವಿರುದ್ಧವೇ ಜನ ತಿರುಗಿಬೀಳುತ್ತಾರೆ. ಕದ್ದು ತೆಗೆಯುವುದು ಹೆಚ್ಚುವ ಅಪಾಯವೂ ಇದೆ.

ಅಳೆಯುವ ಕೆಲಸ ಕಷ್ಟದ್ದೇನಲ್ಲ. ಮಳೆಗಾಲಕ್ಕೆ ಮುನ್ನ ನದಿಗೆ ಅಡ್ಡಲಾಗಿ ಗೊತ್ತುಮಾಡಿದ ಗೆರೆಗಳಲ್ಲಿ ತಳದ ಮಟ್ಟವನ್ನು ದಾಖಲಿಸಬೇಕು, ಮಳೆ ನಿಂತ ಮೇಲೆ ಅದೇ ಗೆರೆಗಳಲ್ಲಿ ಇನ್ನೊಮ್ಮೆ ದಾಖಲಿಸಬೇಕು. ಡ್ರೋನ್ ಬಂದ ಮೇಲೆ ಅದು ಇನ್ನಷ್ಟು ಸುಲಭವಾಗಿದೆ. ಗೆರೆಗಳು ಗುತ್ತಿಗೆಯ ಗಡಿಯೊಳಗೆ ಮಾತ್ರ ಇದ್ದರೆ ಸಾಲದು. ಗುಂಡಿ ತುಂಬಿದ್ದು ಮೇಲಿನ ಬೆಟ್ಟದ ಕಲ್ಲಿನಿಂದಲೋ, ಪಕ್ಕದ ಪಾತ್ರ ಕುಸಿದದ್ದರಿಂದಲೋ ತಿಳಿಯಬೇಕಾದರೆ ಅವು ಗುತ್ತಿಗೆಯಿಂದ ಮೇಲಕ್ಕೂ ಕೆಳಕ್ಕೂ, ಹತ್ತಿರದ ಸೇತುವೆಯ ಬುಡದವರೆಗೂ ಹೋಗಬೇಕು. ಚಕ್ಕಿಯಂತೆ ಎರಡು ರಾಜ್ಯಗಳ ನಡುವೆ ಹರಿಯುವ ನದಿಯಲ್ಲಿ ಎರಡೂ ದಡದವರು ಒಂದೇ ಗೆರೆಯನ್ನು ಒಪ್ಪಬೇಕು. ಮಳೆಗಾಲಕ್ಕೆ ಮುಂಚಿನ ಮತ್ತು ನಂತರದ ಎರಡು ದಾಖಲೆಗಳ ನಡುವಿನ ತಿಂಗಳುಗಳಲ್ಲಿ ಕದ್ದು ಇಳಿಯುವ ಪ್ರತಿ ಟಿಪ್ಪರ್ ನದಿ ತಂದದ್ದೆಷ್ಟು ಎಂಬ ಲೆಕ್ಕವನ್ನು ಅಷ್ಟರಮಟ್ಟಿಗೆ ಕೆಡಿಸುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಗಣಿಗಾರಿಕೆಗಿರುವ ನಿಷೇಧವನ್ನು ಕಾಯುವವರು ಮೊದಲು ನದಿಗೆ ಇಳಿಯಬೇಕು, ಅಳೆಯುವವರು ಆಮೇಲೆ.